ಲವಂಗದ ಮನೆಯ ಮೂಗು

ನಮ್ಮೂರಲ್ಲಿ ಹೆಣ್ಣು ಹುಟ್ಟಿದರೆ ‘ಮನೆಗೊಂದು ಮೂಗು ಬಂತು’ ಅಂತ ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ. ಗಂಡು ಹುಟ್ಟಿದರೂ ಹಂಚುತ್ತಾರೆ, ಇಲ್ಲ ಅನ್ನಬಾರದು, ಆದರೆ ಆಗ ಕೈ ಸ್ವಲ್ಪ ಬಿಗಿ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ, ಅವರ ಗಾಡಿಯ ವೈರನ್ನು ಇಲಿ ಕಡಿದ ದಿನ ಅವರಿಗೂ ಗೊತ್ತಾಗುತ್ತೆ. ನಮ್ಮೂರಲ್ಲಿ ಬೆಕ್ಕು ನಿಲ್ಲುವುದಿಲ್ಲ. ತಂದು ಬಿಟ್ಟರೆ ಇಟ್ಟ ಹಾಲು ಕುಡಿದು, ಮೀಸೆ ಒರೆಸಿಕೊಂಡು, ಬಂದ ದಾರಿ ಹಿಡಿದು ಹೊರಟುಬಿಡುತ್ತದೆ. ಬೋನು ಇಟ್ಟರೆ ಬೆಳಿಗ್ಗೆ ಹೊತ್ತಿಗೆ ಬೋನೇ ಇರುವುದಿಲ್ಲ. ಹಿಂದೆ ಪಾಷಾಣ ಇಟ್ಟವರೂ ಇದ್ದರಂತೆ, ಅವರ ಸುದ್ದಿ ಯಾರೂ ಎತ್ತುವುದಿಲ್ಲ. ನಮ್ಮ ಇಲಿ ಹೆದರುವುದು ಒಂದಕ್ಕೇ, ಮನೆಯ ವಾಸನೆಗೆ. ಹಾಗಾಗಿ ಮನೆಗೊಂದು ವಾಸನೆ. ಮೇಲಿನ ಬೀದಿಯವರದು ನೀಲಗಿರಿ ಎಣ್ಣೆ, ಕೆರೆ ಏರಿ ಕಡೆಯವರದು ಬೇವು, ಬಾವಿಕಟ್ಟೆ ಹತ್ತಿರದವರದು ಬೆಳ್ಳುಳ್ಳಿ. ಆ ಬೆಳ್ಳುಳ್ಳಿ ಮನೆಗೆ ಹೆಣ್ಣು ಕೊಡುವವರು ಎರಡು ಸಲ ಯೋಚಿಸುತ್ತಾರೆ. ನನ್ನ ತವರಿನದು ಮಜ್ಜಿಗೆಹುಲ್ಲು. ಸೊಸೆಯಾಗಿ ಬಂದ ಮನೆಯದು ಲವಂಗ.

ಬಂದ ಹೊಸದರಲ್ಲಿ ನನಗೆ ತಲೆ ಸುತ್ತುತ್ತಿತ್ತು. ಅಕ್ಕಿ ಡಬ್ಬದ ಹಿಂದೆ ಲವಂಗ, ಹಾಸಿಗೆ ಸುರುಳಿಯೊಳಗೆ ಲವಂಗ, ಬಚ್ಚಲ ತೂಬಿನ ಬಾಯಲ್ಲಿ ಜಜ್ಜಿದ ಲವಂಗ. ನಮ್ಮ ಯಜಮಾನರ ವ್ಯಾನಿನಲ್ಲಂತೂ ಬಾನೆಟ್ಟಿನೊಳಗೆ, ಸೀಟಿನಡಿ, ಹಿಂದಿನ ಬಾಗಿಲ ಮೂಲೆಯಲ್ಲಿ ಬಟ್ಟೆಯ ಗಂಟುಗಳನ್ನು ಕಟ್ಟಿ ನೇತುಹಾಕಿದ್ದರು. ಆ ವ್ಯಾನೇ ನಮಗೆ ಅನ್ನ. ಊರಿನ ಸಾಮಾನು ಸಂತೆಗೆ, ಸಂತೆಯ ಸಾಮಾನು ಊರಿಗೆ ಸಾಗಿಸುವ ಗಾಡಿ ನಮ್ಮಲ್ಲಿ ಅದೊಂದೇ. ಹೀಗಿರುವಾಗ ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಮೂಗಿಗೆ ಏನೂ ಇಲ್ಲ! ಅತ್ತೆಯ ಹತ್ತಿರ ಓಡಿದೆ. “ಅತ್ತೆ, ಲವಂಗ ಹೋಗ್ಬಿಟ್ಟಿದೆ!” ಅಂದೆ. ಅತ್ತೆ ಒಲೆ ಮುಂದೆ ಕೂತವರು ತಿರುಗಿ ನೋಡಿ ನಕ್ಕರು. “ಎಲ್ಲೂ ಹೋಗಿಲ್ಲ ಕಣೇ ಸುಗುಣ. ನೀನು ಒಳಗೆ ಬಂದೆ, ಅಷ್ಟೇ.” ಅವತ್ತು ಮಧ್ಯಾಹ್ನ ಎಲೆಗೆ ಶಾವಿಗೆ ಪಾಯಸ ಬಿತ್ತು.

ಒಂದು ಮನೆಯವರಾದ ಮೇಲೆ ಆ ಮನೆಯ ವಾಸನೆ ಮೂಗಿಗೆ ಬರುವುದಿಲ್ಲ. ಮನೆಯಲ್ಲಷ್ಟೇ ಅಲ್ಲ, ಎಲ್ಲೂ ಬರುವುದಿಲ್ಲ. ಮದುವೆ ಮನೆಯ ಪಲಾವಿನಲ್ಲಿ ಲವಂಗ ಹಾಕಿದ್ದಾರೋ ಇಲ್ಲವೋ ಅಂತ ಲವಂಗದ ಮನೆಯವರು ಅಗಿದು ನೋಡಿಯೇ ಹೇಳಬೇಕು. ಹಾಗಾದರೆ ಮನೆಯ ವಾಸನೆ ಇದೆಯೋ ಸತ್ತಿದೆಯೋ ತಿಳಿಯುವುದು ಹೇಗೆ? ನೆರೆಯವರಿಗೆ ಗೊತ್ತಾಗುತ್ತೆ, ಆದರೆ ಅವರು ಸತ್ತರೂ ಬಾಯಿ ಬಿಡುವುದಿಲ್ಲ. ಇನ್ನೊಬ್ಬರ ಮನೆಯ ವಾಸನೆಯ ಮಾತೆತ್ತುವುದು ನಮ್ಮಲ್ಲಿ ಸೀರೆ ಸೆರಗು ಎಳೆದಷ್ಟೇ ತಪ್ಪು. ಹೇಳುವ ಹಕ್ಕು ಇರುವುದು ಆ ಮನೆಯಲ್ಲಿ ಹುಟ್ಟಿ ಬೇರೆ ಮನೆ ಸೇರಿದ ಹೆಣ್ಣುಮಗಳಿಗೆ ಮಾತ್ರ. ಗಂಡನ ಮನೆಗೆ ಹೋದ ಮೇಲೆ ತವರಿನ ವಾಸನೆ ಅವಳ ಮೂಗಿಗೆ ತಿರುಗಿ ಬರುತ್ತದೆ. ಅಮಾಸೆ ಕಳೆದ ಮಾರನೇ ಬೆಳಿಗ್ಗೆ ಅವಳು ತವರಿನ ಹೊಸ್ತಿಲಲ್ಲಿ ನಿಂತು ಮೂಸಿ ‘ಇದೆ’ ಅನ್ನಬೇಕು. ಆಮೇಲೆ ಒಳಗೆ ಕಾಲಿಡಬೇಕು, ಊಟ ಮಾಡಿ ಹೋಗಬೇಕು. ‘ಇಲ್ಲ’ ಅಂದರೆ ಮನೆಯೆಲ್ಲ ತೊಳೆದು, ಹಳೆಯದನ್ನು ತೆಗೆದು, ಹೊಸದಾಗಿ ವಾಸನೆ ಹೂಡಬೇಕು. ನಾನೂ ನನ್ನ ತವರಿಗೆ ಹೋಗಿ ಹೇಳಿ ಬರುತ್ತಿದ್ದೆ.

ನಮ್ಮ ಮನೆಯ ಮೂಗು ನನ್ನ ನಾದಿನಿ ವಾರಿಜ. ಬೀದಿಯ ತುದಿಯ ಪುದೀನದ ಮನೆಗೆ ಕೊಟ್ಟಿತ್ತು. ಅತ್ತೆಗೆ ಅವಳ ಮೂಗು ಅಂದರೆ ಪ್ರಾಣ. “ನನ್ನ ಮಗಳ ಮೂಗು ಸಂಪಿಗೆ ಮೊಗ್ಗು” ಅಂತ ಅವರು ಅಂದರೆ, “ಹೆತ್ತವರಿಗೆ ಹೆಗ್ಗಣ ಮುದ್ದು, ಅದು ಬದನೆಕಾಯಿ” ಅಂತ ನಮ್ಮ ಯಜಮಾನರು ರೇಗಿಸೋರು. ವಾರಿಜ ಅಣ್ಣನ ಬೆನ್ನಿಗೊಂದು ಗುದ್ದಿ ಒಳಗೆ ಬರೋಳು. ಬರೀ ‘ಇದೆ’ ಅಂದು ಬಿಡುವವಳಲ್ಲ ಅವಳು. “ಇದೆ ಅಮ್ಮ, ಆದ್ರೆ ಬಚ್ಚಲ ಕಡೆ ಸಪ್ಪೆ. ಅಟ್ಟದಲ್ಲಿ ಹಳೇ ಗಂಟು ಕೊಳೀತಾ ಇದೆ, ತೆಗೆದು ಬಿಸಾಕು. ಅಣ್ಣನ ವ್ಯಾನಲ್ಲಿ ಎಡಗಡೆ ಸೀಟಿನಡಿ ಏನೂ ಇಲ್ಲ, ನೋಡು ಬೇಕಾದ್ರೆ.” ನೋಡಿದರೆ ನಿಜವಾಗಿ ಗಂಟು ಬಿದ್ದುಹೋಗಿರುತ್ತಿತ್ತು. ಅತ್ತೆ ಬೈದುಕೊಂಡೇ ಹೋಗಿ ಸರಿಮಾಡೋರು. ಬೈಗುಳದಲ್ಲಿ ಹೆಮ್ಮೆ ಎಷ್ಟಿತ್ತೋ! ವರ್ಷಕ್ಕೊಮ್ಮೆ ಸಂತೆಯಲ್ಲಿ ಲವಂಗ ಕೊಳ್ಳುವಾಗಲೂ ತಾಯಿ ಮಗಳು ಒಟ್ಟಿಗೇ ಹೋಗಬೇಕು. ಮಗಳು ಮೂಸಬೇಕು, ತಾಯಿ ಚೌಕಾಸಿ ಮಾಡಬೇಕು. ಊರಲ್ಲಿ ಅತ್ತೆಗೆ ‘ಲವಂಗದ ಪುಟ್ಟತಾಯಮ್ಮ’ ಅಂತಲೇ ಹೆಸರು. ಅವರ ಹೊಸ್ತಿಲಲ್ಲಿ ‘ಇಲ್ಲ’ ಅನ್ನುವ ಮಾತು ಒಂದು ದಿನವೂ ಬಿದ್ದಿರಲಿಲ್ಲ.

ಕೆಟ್ಟದ್ದು ಶುರುವಾಗಿದ್ದು ವ್ಯಾನಿನಿಂದ. ವಾರಿಜನ ಗಂಡನ ಮನೆಯವರು ಬೀದಿ ತುದಿಯ ಮನೆ ಬಿಟ್ಟು ಹೊಳೆಯಾಚೆ ಹೊಸ ಮನೆಗೆ ಹೋಗುವವರಿದ್ದರು. ಮಳೆಗಾಲ ತಲೆ ಮೇಲೆ ಬಂದಿತ್ತು. ವಾರಿಜ ಬಂದು, “ಅಮ್ಮ, ಸಾಮಾನು ಸಾಗಿಸೋಕೆ ಅಣ್ಣನ ವ್ಯಾನು ಕಳಿಸು” ಅಂದಳು. ನಮ್ಮ ಯಜಮಾನರು ಆಗಲೇ ಬೀಗದ ಕೈ ತೆಗೆದುಕೊಂಡಿದ್ದರು. ಅತ್ತೆ ತಡೆದರು. ಒಂದು ಗಾಡಿಗೆ ಒಂದೇ ವಾಸನೆ ಇರಬೇಕು, ಎರಡು ಬೆರೆತರೆ ಎರಡೂ ಕೆಡುತ್ತವೆ ಅನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. “ನಿಮ್ಮ ಮನೆ ಚಾಪೆ, ದಿಂಬು, ಕಪಾಟು ಎಲ್ಲ ಪುದೀನ ಹೀರಿಕೊಂಡು ಕೂತಿವೆ. ನನ್ನ ಲವಂಗದ ಗಾಡೀಲಿ ಅದನ್ನ ತುಂಬಿದ್ರೆ ನಾಳೆ ಇಲಿ ಬಂದು ಸ್ಟೇರಿಂಗ್ ಹಿಡಿಯುತ್ತೆ. ಅದೊಂದು ಮಾತ್ರ ಕೇಳಬೇಡ.” ವಾರಿಜ ಬೇಡಿಕೊಂಡಳು, ಆಮೇಲೆ ಹಟ ಮಾಡಿದಳು. “ನಾನು ಸಂಸಾರ ಸಾಗಿಸೋಕೆ ಅಲ್ವಾ ಕೇಳ್ತಿರೋದು, ಜಾತ್ರೆ ನೋಡೋಕಾ?” ಅಂದಳು. ಅತ್ತೆ ಸೊಪ್ಪು ಹಾಕಲಿಲ್ಲ. ಕೊನೆಗೆ ತಳ್ಳುಗಾಡಿಯಲ್ಲಿ ಸಾಗಿಸಿದರು. ದಾರಿಯಲ್ಲಿ ಮಳೆ ಹಿಡಿದು ಹಾಸಿಗೆ, ಅಕ್ಕಿ, ಎಲ್ಲ ನೆನೆದು ತೊಪ್ಪೆಯಾಯಿತು. ಸೇತುವೆ ಮೇಲೆ ಅವಳು ತಲೆ ಮೇಲೆ ಮೊರ ಹೊತ್ತು ಗಾಡಿ ಹಿಂದೆ ನಡೆದು ಹೋದಳು ಅಂತ ನೋಡಿದವರು ಬಂದು ಹೇಳಿದರು. ಅತ್ತೆ ಕೇಳಿಸದವರ ಹಾಗೆ ಹುಣಿಸೆಹಣ್ಣು ಬಿಡಿಸುತ್ತ ಕೂತಿದ್ದರು.

ಆ ಮುನಿಸಿನಲ್ಲೇ ಲವಂಗ ಕೊಳ್ಳುವ ಸಂತೆ ಬಂತು. ಮಗಳನ್ನು ಕರೆಯಲು ಅತ್ತೆಗೆ ಬಿಂಕ, ಕರೆಯದೆ ಬರಲು ಮಗಳಿಗೆ ಬಿಂಕ. ಅತ್ತೆ ಒಬ್ಬರೇ ಹೋದರು. ಯಾವನೋ ಹೊಸ ವ್ಯಾಪಾರಿಯ ಹತ್ತಿರ ಚೀಲ ತುಂಬಾ ಲವಂಗ ತಂದು ನಡುಮನೆಯಲ್ಲಿ ಸುರಿದರು. “ನೋಡೇ, ಹೇಗಿದೆ! ಕರ್ರಗೆ, ಕಡ್ಡಿ ಕಡ್ಡಿ, ಒಂದಾದ್ರೂ ತಲೆ ಮುರಿದಿದೆಯಾ? ವಾರಿಜ ಇಲ್ದಿದ್ರೆ ನಂಗೆ ವ್ಯಾಪಾರ ಬರೋಲ್ಲ ಅಂದ್ಕೊಂಡಿದಾರೆ.” ನಾನೂ ಹೌದು ಹೌದು ಅಂತ ತಲೆಯಾಡಿಸಿದೆ. ನನಗಾದರೂ ಕಣ್ಣಿಗೆ ಕಂಡಿದ್ದಷ್ಟೇ ತಾನೆ ಗೊತ್ತು? ಹಳೆಯ ಗಂಟುಗಳನ್ನೆಲ್ಲ ಬಿಚ್ಚಿ ಹೊಸದು ತುಂಬಿದೆವು. ವ್ಯಾನಿಗೂ ಕಟ್ಟಿದೆವು.

ಅಮಾಸೆ ಕಳೆದು ಬೆಳಗಾಯಿತು. ವಾರಿಜ ಬಂದಳು. ಮುನಿಸು ಇದ್ದರೂ ಮೂಗಿನ ದಿನ ತಪ್ಪಿಸುವವಳಲ್ಲ. ಆರು ತಿಂಗಳ ಬಸುರಿ ಬೇರೆ. ಹೊಸ್ತಿಲಲ್ಲಿ ನಿಂತಳು, ಮೂಸಿದಳು. ಹುಬ್ಬು ಗಂಟಾಯಿತು. ಮತ್ತೆ ಮೂಸಿದಳು. ಅಂಗಳಕ್ಕಿಳಿದು ವ್ಯಾನಿನ ಹತ್ತಿರ ಹೋಗಿ ಬಗ್ಗಿ ನೋಡಿ ಬಂದಳು. “ಅಮ್ಮ,” ಅಂದಳು ಮೆತ್ತಗೆ, “ಇಲ್ಲ ಕಣಮ್ಮ.” ಅತ್ತೆಗೆ ಮೊದಲು ಅರ್ಥವಾಗಲಿಲ್ಲ. “ಏನಿಲ್ಲ?” “ವಾಸನೆ ಇಲ್ಲ. ಎಲ್ಲೂ ಇಲ್ಲ. ಬರೀ ಕಡ್ಡಿ ತಂದಿದೀಯ.” ಪಕ್ಕದ ಮನೆಯವರು ಆಗ ಬಾಗಿಲಿಗೆ ನೀರು ಹಾಕುತ್ತಿದ್ದರು. ಕೈ ನಿಲ್ಲಿಸಿ, ಕೇಳಿಸದವರ ಹಾಗೆ ಒಳಗೆ ಹೋದರು. ಅತ್ತೆಯ ಮುಖ ಕಪ್ಪಿಟ್ಟಿತು. ಅವರಿಗೆ ಆ ಕ್ಷಣದಲ್ಲಿ ಲವಂಗ ಕಾಣಲಿಲ್ಲ, ತಳ್ಳುಗಾಡಿ ಕಂಡಿತು. “ಓಹೋ! ವ್ಯಾನು ಕೊಡಲಿಲ್ಲ ಅಂತ ಹೀಗಾ ತೀರಿಸ್ಕೊಳ್ಳೋದು? ಬೀದಿಗೆ ಕೇಳೋ ಹಾಗೆ ನನ್ನ ಮನೆ ಸತ್ತಿದೆ ಅನ್ನೋಕೆ ಬಂದ್ಯಾ?” “ಅಮ್ಮ, ನಿನ್ನಾಣೆ...” “ಆಣೆ ಗೀಣೆ ಬೇಡ. ಪುದೀನದ ಮನೆ ನೀರು ಕುಡಿದು ಮೂಗು ಕೆಟ್ಟಿದೆ ನಿಂದು. ಇನ್ನು ನಿನ್ನ ಮೂಗು ನನ್ನ ಹೊಸ್ತಿಲಿಗೆ ಬೇಡ. ಹೋಗು.” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ನನ್ನ ಕಣ್ಣೆದುರೇ ಆಯಿತು. ವಾರಿಜ ಹೊಟ್ಟೆ ಮೇಲೆ ಕೈಯಿಟ್ಟುಕೊಂಡಳು. ಒಳಗೆ ಎಲೆ ಹಾಕಿತ್ತು, ಅವಳಿಗಿಷ್ಟ ಅಂತ ನಾನು ಹಾಗಲಕಾಯಿ ಗೊಜ್ಜು ಮಾಡಿದ್ದೆ. ಅವಳು ತಿರುಗಿ ನಡೆದುಬಿಟ್ಟಳು.

ಅವತ್ತೇ ನಾನು ಅತ್ತೆಗೆ ಹೇಳಿದೆ. ನನ್ನ ತವರಿನಲ್ಲಿ ಹಿರಿಯರು ಅನ್ನುತ್ತಿದ್ದರು, ಒಳ್ಳೆಯ ಲವಂಗ ನೀರಿಗೆ ಹಾಕಿದರೆ ನೆಟ್ಟಗೆ ಮುಳುಗುತ್ತೆ, ಎಣ್ಣೆ ಹಿಂಡಿದ್ದು ಅಡ್ಡಡ್ಡ ತೇಲುತ್ತೆ ಅಂತ. ಒಂದು ಚೊಂಬು ನೀರಲ್ಲಿ ಒಂದು ಹಿಡಿ ಹಾಕಿ ಅವರ ಮುಂದೆ ಇಟ್ಟೆ. ತೇಲಿತು. ಎಲ್ಲ ತೇಲಿತು. ಅತ್ತೆ ಚೊಂಬನ್ನು ಎತ್ತಿ ತುಳಸಿ ಬುಡಕ್ಕೆ ಸುರಿದು, “ನಿನ್ನ ತವರಿನ ಹುಲ್ಲಿನ ಬುದ್ಧಿ ಇಲ್ಲಿ ತೋರಿಸಬೇಡ. ಇನ್ನು ನಾನು ಚೊಂಬಿನ ಮಾತು ಕೇಳಬೇಕಾ?” ಅಂದರು. ನಮ್ಮ ಯಜಮಾನರು ಊಟಕ್ಕೆ ಕೂತಾಗ, “ಅಮ್ಮ, ವಾರಿಜ ಸುಳ್ಳು ಹೇಳೋಳಲ್ಲ” ಅಂದಿದ್ದಕ್ಕೆ ಅವರಿಗೆ ಎರಡನೇ ಸಲ ಸಾರು ಬೀಳಲಿಲ್ಲ. ಪಾಪ, ಅವರೂ ಎಷ್ಟು ಅಂತ ಆಡುತ್ತಾರೆ? ಹಿರಿಯರು ಒಪ್ಪದೆ ಮನೆಯ ವಾಸನೆಗೆ ಬೇರೆಯವರು ಕೈಹಚ್ಚುವ ಹಾಗಿಲ್ಲ.

ಮೂಗು ಇಲ್ಲದ ಮನೆ ಅನ್ನಿಸಿಕೊಳ್ಳಬಾರದಲ್ಲ, ಮುಂದಿನ ಅಮಾಸೆ ಹೊತ್ತಿಗೆ ಅತ್ತೆ ಪಕ್ಕದ ಬೀದಿಯ ಪಾಪಕ್ಕನನ್ನು ಹೇಳಿಟ್ಟರು. ಮಗಳಿಲ್ಲದ ಮನೆಯವರು ಹಾಗೆ ಬೇರೆಯವರ ಹೆಣ್ಣುಮಗಳನ್ನು ಬೇಡಿಕೊಳ್ಳುವುದು ನಮ್ಮಲ್ಲಿ ಉಂಟು. ಮಗಳಿರುವವರು ಬೇಡಿಕೊಂಡಿದ್ದು ಅದೇ ಮೊದಲು. ಪಾಪಕ್ಕ ಒಳ್ಳೆಯ ಹೆಂಗಸೇ, ಆದರೆ ಯಾರ ಮನಸ್ಸೂ ನೋಯಬಾರದು ಅನ್ನುವ ಜಾತಿ. ಎದುರಿಗಿದ್ದವರು ಹಗಲನ್ನು ರಾತ್ರಿ ಅಂದರೂ ಚಂದ್ರನನ್ನು ಹೊಗಳುತ್ತಾಳೆ. ಹೊಸ್ತಿಲಿಗೆ ಬರುವ ಮೊದಲೇ ಶುರು ಮಾಡಿದಳು. “ಇದೆ ಪುಟ್ಟತಾಯಕ್ಕ, ಇದೆ! ಬೀದಿ ತಿರುವಲ್ಲೇ ಮೂಗಿಗೆ ಬಡೀತು. ನಿಮ್ಮ ಮನೆ ಲವಂಗ ಅಂದ್ರೆ ಸುಮ್ನೇನಾ?” ಅತ್ತೆ ಸೆರಗು ಸರಿಮಾಡಿಕೊಂಡು ಬೀದಿಗೆ ಕೇಳುವ ಹಾಗೆ, “ಬಾರಮ್ಮ, ಬಾ, ಎಲೆ ಹಾಕಿದೆ” ಅಂದರು. ಅಷ್ಟರಲ್ಲಿ ನಾನು ಎದುರುಗಡೆ ನೋಡಿದೆ. ರಸ್ತೆಯಾಚೆ ಹೊಂಗೆ ಮರದ ಕೆಳಗೆ ವಾರಿಜ ನಿಂತಿದ್ದಳು. ಹೊಳೆ ದಾಟಿ, ಅಷ್ಟು ಭಾರ ಹೊತ್ತುಕೊಂಡು ಬಂದಿದ್ದಳು. ತನ್ನ ಜಾಗದಲ್ಲಿ ಇನ್ನೊಬ್ಬಳು ನಿಂತಿದ್ದು ನೋಡಿದಳು. ನಾನು ಕೈಸನ್ನೆ ಮಾಡಿ ಓಡುವಷ್ಟರಲ್ಲಿ ಮರದ ಕೆಳಗೆ ಯಾರೂ ಇರಲಿಲ್ಲ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಅತ್ತೆ ಅವಳಿಗಾಗಿ ಹಳೇ ಸೀರೆ ಹರಿದು ಮೆತ್ತಗಿನ ಬಟ್ಟೆ ಮಡಿಸಿಟ್ಟಿದ್ದರು, ಒಣಕೊಬ್ಬರಿ, ಬೆಲ್ಲ, ಅಂಟು ಎಲ್ಲ ಕೂಡಿಟ್ಟಿದ್ದರು. ಕರೆಯಲು ಯಾರೂ ಹೋಗಲಿಲ್ಲ. ನಾನು ಹೋಗುತ್ತೇನೆ ಅಂದರೆ, “ಬರೋಳಿಗೆ ದಾರಿ ಗೊತ್ತಿದೆ” ಅಂದರು. ಹೆಣ್ಣು ಹುಟ್ಟಿತು ಅಂತ ಹೊಳೆಯಾಚೆಯಿಂದ ಸಕ್ಕರೆ ಬಂತು. ಅತ್ತೆ ಅದನ್ನು ಅಂಗೈಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಬಾಯಿಗೆ ಹಾಕಿಕೊಳ್ಳಲೂ ಇಲ್ಲ, ಕೆಳಗಿಡಲೂ ಇಲ್ಲ. ಬೆವರಿಗೆ ಕರಗಿ ಕೈಯೆಲ್ಲ ಅಂಟಾಯಿತು. ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಪಾಪಕ್ಕ ತಿಂಗಳು ತಿಂಗಳು ‘ಇದೆ’ ಅನ್ನುತ್ತಲೇ ಇದ್ದಳು. ಈ ನಡುವೆ ಅಟ್ಟದಲ್ಲಿ ಪರಪರ ಸದ್ದು ಕೇಳತೊಡಗಿತು. ಅತ್ತೆ ಹಲ್ಲಿ ಅಂದರು. ರಾಗಿ ಮೂಟೆಯ ಮೂಲೆ ತೂತಾಯಿತು. ಹೊಲಿಗೆ ಬಿಟ್ಟಿದೆ ಅಂದರು. ಅವರ ಧಾರೆ ಸೀರೆಯ ಅಂಚು ಜಾಲರಿ ಆಗಿತ್ತು. ಅದನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದರು. ಆಮೇಲೆ ಸಂತೆಯ ಬೆಳಿಗ್ಗೆ ವ್ಯಾನು ಹೊರಡಲಿಲ್ಲ. ಊರಿನವರ ತರಕಾರಿ, ಮಡಕೆ, ಕೋಳಿ ಪಂಜರ ಎಲ್ಲ ತುಂಬಿ ಆಗಿತ್ತು. ನಮ್ಮ ಯಜಮಾನರು ಬೀಗದ ಕೈ ತಿರುಗಿಸಿದರೆ ಕಿಕ್ಕೂ ಇಲ್ಲ, ಕುಕ್ಕೂ ಇಲ್ಲ. ಇಳಿದು ಬಾನೆಟ್ಟು ಎತ್ತಿದರು. ಎತ್ತಿದವರು ಹಾಗೇ ಹಿಡಿದುಕೊಂಡು, “ಅಮ್ಮ, ಬಾ ಇಲ್ಲಿ” ಅಂದರು. ನಾವಿಬ್ಬರೂ ಹೋಗಿ ಬಗ್ಗಿ ನೋಡಿದೆವು. ವೈರು ಅನ್ನುವುದು ಒಂದೂ ಉಳಿದಿರಲಿಲ್ಲ, ತುಂಡು ತುಂಡು. ಇಂಜಿನ್ನಿನ ಪಕ್ಕದಲ್ಲಿ ಒಂದು ಗೂಡು. ನಾವೇ ಕಟ್ಟಿದ್ದ ಗಂಟುಗಳನ್ನು ಬಿಚ್ಚಿ, ಬಟ್ಟೆಯನ್ನು ಹಿಂಜಿ, ನಮ್ಮ ಲವಂಗವನ್ನೇ ತೆಳ್ಳಗೆ ಹಾಸಿ, ಅದರ ಮೇಲೆ ಇಲಿ ಮರಿ ಹಾಕಿತ್ತು. ಗುಲಾಬಿ ಬಣ್ಣದ ಮರಿಗಳು, ಕಣ್ಣು ಕೂಡ ಬಿಟ್ಟಿರಲಿಲ್ಲ. ಲವಂಗದ ಹಾಸಿಗೆಯಲ್ಲಿ ಒಂದರ ಮೇಲೊಂದು ಮಲಗಿ ನಿದ್ದೆ ಹೊಡೆಯುತ್ತಿದ್ದವು.

ಅತ್ತೆ ಅಂಗಳದಲ್ಲೇ ಕೂತುಬಿಟ್ಟರು. “ಅವಳು ಹೇಳಿದ್ಲು,” ಅಂದರು ಮಗನನ್ನು ನೋಡಿ. “ಅವಳು ಹೇಳಿದ್ಲು ಕಣೋ ಶ್ರೀಕಂಠ.” ವ್ಯಾನಿನ ಚಿಂತೆ ಅವರಿಗೆ ಇರಲೇ ಇಲ್ಲ. ಸಾಮಾನು ತುಂಬಿದ್ದ ಜನ ಗೊಣಗುತ್ತ ಇಳಿಸಿಕೊಳ್ಳುತ್ತಿದ್ದರೆ, ಅವರು ಎದ್ದು, ಉಟ್ಟ ಸೀರೆಯಲ್ಲೇ ಹೊಳೆ ಕಡೆ ನಡೆಯತೊಡಗಿದರು. ನಾನು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಪುದೀನದ ಮನೆಯ ಜಗುಲಿಯಲ್ಲಿ ವಾರಿಜ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಮಗು ಆಗಲೇ ಕತ್ತು ನಿಲ್ಲಿಸಿ ನಗುತ್ತಿತ್ತು. ಅತ್ತೆ ಮೆಟ್ಟಿಲ ಕೆಳಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದರು. “ನಿನ್ನ ಮೂಗೇ ಸರಿ ಕಣವ್ವ. ನನ್ನ ನಾಲಿಗೆಗೆ ಬರೆ ಹಾಕಬೇಕು. ತಪ್ಪು ನಂದು.” ಆ ಹೆಂಗಸಿನ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ವಾರಿಜ ಎದ್ದಳು. ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಅಂತ ನಾನು ಕಾದೆ. ಅವಳು ನಕ್ಕಳು, ಬಂದವರಿಗೆ ನಗುವ ಹಾಗೆ. “ಹೋಗ್ಲಿ ಬಿಡಿ ಅಮ್ಮ, ಆಗಿದ್ದು ಆಯ್ತು. ಬಿಸಿಲಲ್ಲಿ ಬಂದಿದೀರಿ, ಮಜ್ಜಿಗೆ ಕುಡೀರಿ” ಅಂದು ಒಳಗೆ ಹೋದಳು. ಅಮ್ಮನನ್ನು ಅವಳು ‘ನೀವು’ ಅಂದಿದ್ದು ನನಗೆ ಮಜ್ಜಿಗೆ ಲೋಟ ಕೈಗೆ ಬಂದ ಮೇಲೆ ಹೊಳೆಯಿತು.

ಹೊಸ ಲವಂಗ ತಂದೆವು. ಈ ಸಲ ಅತ್ತೆಯೇ ಸಂತೆಗೆ ಚೊಂಬು ಹಿಡಿದುಕೊಂಡು ಬಂದರು, ಮುಳುಗಿದ್ದನ್ನೇ ಕೊಂಡರು. ವ್ಯಾನಿಗೆ ವೈರು ಹಾಕಿಸಿದ್ದಾಯಿತು, ಮನೆ ತೊಳೆದದ್ದಾಯಿತು, ಇಲಿಗಳು ಮರಿ ಕಚ್ಚಿಕೊಂಡು ಸಾಲಾಗಿ ಹೊರಟು ಹೋದವು. ಅಮಾಸೆ ಮಾರನೇ ಬೆಳಿಗ್ಗೆ ವಾರಿಜ ಮಗುವನ್ನೆತ್ತಿಕೊಂಡು ಬಂದಳು. ಹೊಸ್ತಿಲಲ್ಲಿ ನಿಂತಳು. “ಇದೆ,” ಅಂದಳು. ಅತ್ತೆ ಮಗುವನ್ನು ಕಸಿದುಕೊಂಡು ಮುತ್ತಿಟ್ಟು ಮುತ್ತಿಟ್ಟು ಅದರ ಕೆನ್ನೆ ಕೆಂಪು ಮಾಡಿದರು. ಎಲ್ಲ ಸರಿಹೋಯಿತು ಅಂತ ನಾನು ದೇವರಿಗೆ ಕೈಮುಗಿದೆ. ಮುಂದಿನ ತಿಂಗಳೂ ‘ಇದೆ’. ಅದರ ಮುಂದಿನದೂ ‘ಇದೆ ಅಮ್ಮ, ಚೆನ್ನಾಗಿದೆ’. ಬಚ್ಚಲ ಕಡೆ ಹೇಗಿದೆ ಅಂತ ಅತ್ತೆ ಕೇಳಿದರೆ, ಅಲ್ಲೂ ಚೆನ್ನಾಗಿದೆ. ಅಟ್ಟ? ಚೆನ್ನಾಗಿದೆ. ಊಟಕ್ಕೆ ಕೂತರೆ ಹಾಕಿದ್ದು ಉಣ್ಣುವುದು, ಸಾಕು ಅನ್ನುವುದು, ಎಲೆ ತಾನೇ ಎತ್ತುವುದು. ಅಣ್ಣ ಮೂಗಿನ ಮಾತೆತ್ತಿ ರೇಗಿಸಿದರೆ ಬೆನ್ನಿಗೆ ಗುದ್ದುವುದಿಲ್ಲ, ಸುಮ್ಮನೆ ನಗುವುದು. ಅತ್ತೆ ಅವಳ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ಅವಳು ಹೋದ ಮೇಲೆ ಮೂಲೆ ಮೂಲೆ ತಡಕುತ್ತಿದ್ದರು. ಒಂದು ಸಲ ವ್ಯಾನಿನ ಸೀಟಿನಡಿಯ ಗಂಟು ಬಿದ್ದುಹೋಗಿದ್ದು ಹಾಗೆ ತಡಕುವಾಗಲೇ ಸಿಕ್ಕಿತು. ಅದನ್ನು ಕೈಲಿ ಹಿಡಿದುಕೊಂಡು ಒಳಗೆ ಬಂದು, “ಇದನ್ನ ಅವಳು ಹೇಳಲಿಲ್ಲ ನೋಡು” ಅಂದರು. “ಮರೆತಿರಬೇಕು ಬಿಡಿ ಅತ್ತೆ” ಅಂದೆ. ಅವರು ನನ್ನ ಮಾತನ್ನು ನಂಬಲಿಲ್ಲ, ನಾನೂ ನಂಬಿರಲಿಲ್ಲ.

ಆಮೇಲಿನ ಅಮಾಸೆಯ ದಿನ ಅತ್ತೆ ಬೆಳಿಗ್ಗೆಯಿಂದಲೇ ಕೆಲಸಕ್ಕೆ ಇಳಿದರು. ಅಟ್ಟ ಹತ್ತಿ ಗಂಟು ಇಳಿಸಿದರು. ಅಕ್ಕಿ ಡಬ್ಬದ ಹಿಂದಿನದು, ಹಾಸಿಗೆಯೊಳಗಿನದು, ಬಚ್ಚಲಿನದು, ದೇವರ ಮನೆಯದು, ಎಲ್ಲ ತೆಗೆದರು. ಮಗನಿಗೆ ಹೇಳಿ ವ್ಯಾನಿನದನ್ನೂ ತರಿಸಿದರು. ಮೊರದ ತುಂಬ ಲವಂಗ. ಅದನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ತುಂಬಿ, ಬಟ್ಟೆ ಸುತ್ತಿ, ಹಿತ್ತಲಾಚೆ ಹೊತ್ತುಕೊಂಡು ಹೋಗಿ ಬತ್ತಿದ ಬಾವಿಯ ಪಕ್ಕ ಇಟ್ಟು ಬಂದರು. ಆಮೇಲೆ ನೆಲ, ಗೋಡೆ, ಬಾಗಿಲು ಎಲ್ಲ ಸೀಗೆಪುಡಿ ಹಾಕಿ ಉಜ್ಜಿ ತೊಳೆದರು. ನಾನು ಗಾಬರಿಯಾಗಿ, “ಅತ್ತೆ, ಏನಿದು? ಮನೆ ಬರಿದು ಮಾಡ್ತಿದೀರಲ್ಲ! ಇಲಿ ಬಂದ್ರೆ?” ಅಂದೆ. “ಬರಲಿ,” ಅಂದರು. “ನಾಳೆ ಅವಳು ಇಲ್ಲ ಅನ್ನಲಿ. ನನ್ನ ಮುಖಕ್ಕೇ ಅನ್ನಲಿ. ಬೀದಿಗೆ ಕೇಳೋ ಹಾಗೆ ಅನ್ನಲಿ. ನಾನು ಹೌದು ತಾಯಿ ಅಂತೀನಿ. ಅದೊಂದು ಮಾತು ನಂಗೆ ಬೇಕು ಕಣೇ.” ನಮ್ಮ ಯಜಮಾನರು ಇಲಿ ಹತ್ತದಿರಲಿ ಅಂತ ವ್ಯಾನನ್ನು ಯಾರದೋ ಬೇವಿನ ಮನೆಯ ಅಂಗಳದಲ್ಲಿ ನಿಲ್ಲಿಸಿ ಬಂದರು.

ಬೆಳಿಗ್ಗೆ ವಾರಿಜ ಬಂದಳು. ಮಗು ಅವಳ ಸೊಂಟದ ಮೇಲಿತ್ತು. ಅತ್ತೆ ಹೊಸ್ತಿಲೊಳಗೆ ನಿಂತಿದ್ದರು, ಎರಡೂ ಕೈಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು. ವಾರಿಜ ನಿಂತಳು. ಅವಳ ಮೂಗಿನ ಹೊಳ್ಳೆ ಒಮ್ಮೆ ಅರಳಿದ್ದು ನಾನು ನೋಡಿದೆ. ಕಣ್ಣು ಒಳಗೆಲ್ಲ ಓಡಾಡಿತು, ಅಡುಗೆಮನೆ ಕಡೆ, ಅಟ್ಟದ ಕಡೆ. ಅವಳಿಗೆ ಗೊತ್ತಾಯಿತು, ನಾನು ಬೇಕಾದರೆ ಆಣೆ ಮಾಡುತ್ತೇನೆ. ಅತ್ತೆ ಮುಂದಕ್ಕೆ ಬಾಗಿದರು. “ಹೇಳು ಮಗ,” ಅಂದರು. ವಾರಿಜ ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿಕೊಂಡಳು. “ಇದೆ ಅಮ್ಮ,” ಅಂದಳು. “ಚೆನ್ನಾಗಿದೆ.” “ಸರಿಯಾಗಿ ನೋಡೇ. ಇಲ್ಲ ಅಂದ್ರೂ ನಾನೇನೂ ಅನ್ನಲ್ಲ.” “ಇಲ್ಲಮ್ಮ, ಇದೆ. ಬಾಗಿಲಿಗೆ ಬರೋ ಮುಂಚೆಯೇ ಬಂತು.”

ಊಟ ಆಯಿತು. ಅವಳನ್ನು ಕಳಿಸಿ ಬರಲು ನಾನು ತಿರುವಿನವರೆಗೆ ಹೋದೆ. ತಡೆಯಲಾಗಲಿಲ್ಲ. “ವಾರಿಜ, ನಿಜ ಹೇಳು. ಮನೇಲಿ ಒಂದು ಲವಂಗ ಇರಲಿಲ್ಲ. ನಿಂಗೆ ಗೊತ್ತಾಯ್ತು ತಾನೆ?” ಅವಳು ಮಗುವಿನ ತಲೆಗೆ ಸೆರಗು ಮುಚ್ಚಿದಳು. “ಗೊತ್ತಾಯ್ತು ಅತ್ತಿಗೆ. ಅಮ್ಮ ಬೇಕಂತಲೇ ತೆಗೆದಿಟ್ಟಿದಾರೆ ಅಂತಲೂ ಗೊತ್ತಾಯ್ತು.” “ಮತ್ತೆ ಯಾಕೆ ಹೇಳಲಿಲ್ಲ? ಅವರು ಅದಕ್ಕೇ ಕಾಯ್ತಿದ್ರು.” “ಹೇಳೋಣ ಅಂತಲೇ ಬಾಯಿ ತೆಗೆದೆ. ಆಗಲಿಲ್ಲ. ಒಂದು ಸಲ ಇಲ್ಲ ಅಂದಿದ್ದಕ್ಕೆ ನನ್ನ ತವರು ಹೋಯ್ತು. ಮರದ ಕೆಳಗೆ ನಿಂತು ನೋಡಿದೆನಲ್ಲ ಅತ್ತಿಗೆ, ಇದೆ ಅಂದೋಳನ್ನ ಒಳಗೆ ಕರೆದು ಎಲೆ ಹಾಕಿದ್ರು. ನನ್ನ ಮಗಳಿಗೆ ಅಜ್ಜಿ ಮನೆ ಬೇಕು.” ಅವಳ ಕಣ್ಣಲ್ಲಿ ನೀರಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೊಳೆ ಕಡೆಗೆ ನಡೆದು ಹೋದಳು. ಮಗು ಹೆಗಲ ಮೇಲಿನಿಂದ ನನ್ನತ್ತ ಕೈ ಬೀಸಿತು.

ನಾನು ವಾಪಸು ಬಂದಾಗ ಅತ್ತೆ ಹಿತ್ತಲಿನಿಂದ ಡಬ್ಬ ಹೊತ್ತು ತಂದು, ಮೊರಕ್ಕೆ ಸುರಿದುಕೊಂಡು, ಲವಂಗವನ್ನು ಬೆರಳಿನಿಂದ ಹರಡುತ್ತ ಹೊಸ್ತಿಲ ಬಳಿ ಕೂತಿದ್ದರು. ಅವಳು ಏನಂದಳು ಅಂತ ಕೇಳಲಿಲ್ಲ. ತಲೆ ಎತ್ತದೆ ಅಂದರು, “ನನ್ನ ಮಗಳನ್ನ ನಾನೇ ಪಾಪಕ್ಕನ್ನ ಮಾಡಿಬಿಟ್ಟೆ ಕಣೇ ಸುಗುಣ.” ನಾನು ಪಕ್ಕದಲ್ಲಿ ಕೂತು, ಬಟ್ಟೆ ಹರಿದು, ಗಂಟು ಕಟ್ಟತೊಡಗಿದೆ.